ಸಿಗ್ನಲ್‌ನಲ್ಲಿ ಕಾಯುವ ಎಂಜಿನ್

ನನ್ನದು ಮೂರು ಸಿಲಿಂಡರಿನ ಹಳೇ ಪೆಟ್ರೋಲ್ ಕಾರು. ಹುಮನಾಬಾದ್ ರಸ್ತೆಯಲ್ಲಿ ಎಷ್ಟು ಓಡಿಸಿದರೂ ತಕರಾರಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಐದು ನಿಮಿಷ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪಿಗೆ! ಮೇ ತಿಂಗಳ ಬಿಸಿಲೂ ಸೇರಿತ್ತು ಅನ್ನಿ.

"ಹೆಡ್ ಗ್ಯಾಸ್ಕೆಟ್ ಹೋಗ್ಯಾದ್ರೀ ಸರ, ಎಂಜಿನ್ ಬಿಚ್ಚಬೇಕು" ಅಂದ ಮೆಕ್ಯಾನಿಕ್. (ಎಂಜಿನ್ನಿನ ಮೇಲಿನ, ಕೆಳಗಿನ ಭಾಗಗಳ ನಡುವಿನ ಸೀಲು ಅದು.) ನನಗೇಕೋ ನಂಬಿಕೆ ಬರಲಿಲ್ಲ. ಓಡುವಾಗ ಎಂಜಿನ್ನಿನ ಬಿಸಿನೀರು ಹರಿಯುವ ರೇಡಿಯೇಟರನ್ನು ಎದುರುಗಾಳಿಯೇ ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಬಾನೆಟ್ ಎತ್ತಿ ನೋಡಿದರೆ ಎಂಜಿನ್ ಕುದಿಯುತ್ತಿದ್ದರೂ ಫ್ಯಾನ್ ಅಲುಗುತ್ತಿಲ್ಲ. ಫ್ಯೂಸ್ ಸರಿ ಇತ್ತು. ರೇಡಿಯೇಟರಿನಲ್ಲಿದ್ದ, ನೀರು ಕಾದಾಗ ಫ್ಯಾನ್ ಚಾಲೂ ಮಾಡುವ ಥರ್ಮೋ ಸ್ವಿಚ್ಚಿನ ಎರಡು ವೈರು ಕಳಚಿ, ತುಂಡು ತಂತಿಯಿಂದ ಒಂದಕ್ಕೊಂದು ಜೋಡಿಸಿದೆ. ಫ್ಯಾನ್ ಗರ್ ಅಂತ ತಿರುಗಿತು. ಸತ್ತದ್ದು ಸ್ವಿಚ್ಚು ಮಾತ್ರ.

ಎಂಜಿನ್ ಪೂರ್ತಿ ಆರಿದ ಮೇಲೆ (ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆದರೆ ಮುಖ ಸುಡುತ್ತದೆ) ಹೊಸ ಸ್ವಿಚ್ ಹಾಕಿದೆ. ಒಳಗಿಂದ ಬಂದದ್ದು ತುಕ್ಕಿನ ಕೆಂಪು ನೀರು. ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದವನು ನಾನೇ, ಯಾರನ್ನು ಬೈಯಲಿ? ತೊಳೆದು, ಕೂಲಂಟ್ (ತುಕ್ಕು ತಡೆಯುವ, ಎಂಜಿನ್ ತಣಿಸುವ ದ್ರವ) ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿದೆ. ಹೀಟರ್ ಆನ್ ಮಾಡಿ, ಮುಚ್ಚಳ ತೆಗೆದೇ ಎಂಜಿನ್ ಚಾಲೂ ಮಾಡಿ, ಗುಳ್ಳೆ ನಿಲ್ಲುವವರೆಗೆ ಒಳಗೆ ಸಿಕ್ಕಿದ್ದ ಗಾಳಿ ಹೊರಗೆ ಬಿಟ್ಟೆ.

ಮರುದಿನ ಜಗತ್ ಸರ್ಕಲ್‌ನಲ್ಲಿ ಬೇಕೆಂದೇ ನಿಂತೆ. ಮುಳ್ಳು ಅರ್ಧಕ್ಕೆ ಬಂತು, ಫ್ಯಾನ್ ತಾನೇ ಶುರುವಾಯಿತು.