ಸೀಟ್ ಕವರಿನ ಕೆಳಗೆ ಹೂತುಹೋದ ಬೆಲ್ಟು

ಶಿರಸಿಯಲ್ಲಿ ಕಾರುಗಳಿಗೆ ಸೀಟ್ ಕವರ್ ಹೊಲಿದು ಹಾಕುವುದು ನನ್ನ ಕಸುಬು. ಹಿಂದಿನ ಸೀಟು ಎತ್ತಿದರೆ ಏನೆಲ್ಲ ಸಿಗುತ್ತದೆ ಗೊತ್ತಾ? ಅಡಿಕೆ ಹೋಳು, ಚಾಕಲೇಟ್ ಕಾಗದ, ಒಮ್ಮೊಮ್ಮೆ ಮಗುವಿನ ಗೆಜ್ಜೆ. ಜೊತೆಗೆ ಬಹಳಷ್ಟು ಕಾರುಗಳಲ್ಲಿ ಒಂದು ಸಲವೂ ಬಳಸದ ಸೀಟ್ ಬೆಲ್ಟಿನ ಬಕಲ್ಲುಗಳು. ಹೊಸದರ ಹೊಳಪು ಹಾಗೇ ಇರುತ್ತದೆ.

ರೆಡಿಮೇಡ್ ಕವರುಗಳಲ್ಲಿ ಎಷ್ಟೋ ಸಲ ಬಕಲ್ ಹೊರಬರಲು ಕಿಂಡಿಯೇ ಇರುವುದಿಲ್ಲ. ಕಿಂಡಿ ಇದ್ದರೂ ಮನೆಯವರೇ ಹೇಳುತ್ತಾರೆ, "ಒಳಗೆ ಹಾಕಿಬಿಡಿ, ಕೂತರೆ ಚುಚ್ಚುತ್ತದೆ" ಅಂತ. ಹಾಗಾಗಿ ಶಾಲೆಯಲ್ಲಿ ಭಾಷಣ ಕೇಳಿ ಬಂದ ಹುಡುಗಿ "ಅಪ್ಪಾ, ಬೆಲ್ಟ್ ಹಾಕ್ತೇನೆ" ಅಂದರೆ ಹಾಕಲಿಕ್ಕೆ ಬಕಲ್ಲೇ ಸಿಗುವುದಿಲ್ಲ. ಎರಡು ದಿನ ತಡಕಾಡಿ ಸುಮ್ಮನಾಗುತ್ತಾಳೆ. ಜನರಿಗೆ ತಿಳಿವಳಿಕೆ ಇಲ್ಲ ಅಂತ ಎಲ್ಲರೂ ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೊದಲು ಬೆಲ್ಟು ಕೈಗೆ ಸಿಗಬೇಕು, ಮಾತು ಆಮೇಲೆ.

ಗ್ಯಾರೇಜಿನ ಗೆಳೆಯನೊಬ್ಬ, ಅಂಗನವಾಡಿಯ ಅಕ್ಕೋರು, ನಮ್ಮ ಕೇರಿಯ ನಾಲ್ಕು ಹುಡುಗರು ಸೇರಿ ಒಂದು ಉಪಾಯ ಮಾಡಿದೆವು. ಶಾಲೆಯಲ್ಲಿ ಪಾಲಕರ ಸಭೆ ನಡೆಯುವ ದಿನ ಮೈದಾನದ ಮೂಲೆಯಲ್ಲಿ ಸ್ಪ್ಯಾನರ್, ಕತ್ತರಿ, ಕೈಹೊಲಿಗೆಯ ಸೂಜಿ ಇಟ್ಟುಕೊಂಡು ನಿಲ್ಲುವುದು. ಸಭೆ ಮುಗಿಯುವಷ್ಟರಲ್ಲಿ ಕಾರು ರೆಡಿ. ದುಡ್ಡು ಬೇಡ. ಬ್ಯಾನರ್ ಕೂಡ ಕಟ್ಟಲಿಲ್ಲ. ಬ್ಯಾನರ್ ಕಂಡರೆ ಜನ ದೂರದಿಂದಲೇ ತಿರುಗಿ ಹೋಗುತ್ತಾರೆ, ಅಲ್ವಾ?

ಕೆಲಸ ದೊಡ್ಡದೇನಲ್ಲ. ಸಣ್ಣ ಕಾರುಗಳಲ್ಲಿ ಹಿಂದಿನ ಸೀಟಿನ ಮುಂದಂಚು ಹಿಡಿದು ಮೇಲಕ್ಕೆ ಎಳೆದರೆ ಹೆಚ್ಚಾಗಿ ಕ್ಲಿಪ್ ಬಿಟ್ಟುಕೊಳ್ಳುತ್ತದೆ. ಕೆಲವಕ್ಕೆ ಬೋಲ್ಟ್ ಬಿಚ್ಚಬೇಕು. ಬಕಲ್ಲನ್ನು ಹೊರಗೆ ತೆಗೆದು, ಅದು ಬರುವ ಜಾಗದಲ್ಲೇ ಕವರಿಗೆ ಕಿಂಡಿ ಕೊಯ್ದು, ಅಂಚು ಎಳೆ ಬಿಡದಂತೆ ಪಟ್ಟಿ ಹೊಲಿಯುತ್ತೇನೆ. ಕಿಂಡಿಯ ಒಳಗೆ ಅಗಲದ ಇಲಾಸ್ಟಿಕ್ ಕೊಡುತ್ತೇನೆ. ಗುಟ್ಟು ಇರುವುದೇ ಇಲ್ಲಿ. ಇಲಾಸ್ಟಿಕ್ ಇದ್ದರೆ ಬಕಲ್ ನೆಟ್ಟಗೆ ನಿಲ್ಲುತ್ತದೆ, ಮಗು ಒಂದೇ ಕೈಯಲ್ಲಿ ಟಕ್ ಅಂತ ಸಿಕ್ಕಿಸಬಹುದು. ಬಕಲ್ ಅಡ್ಡ ಮಲಗಿದರೆ ದೊಡ್ಡವರಿಗೂ ಬೇಜಾರು.

ಆಮೇಲೆ ಬೆಲ್ಟಿನ ಪರೀಕ್ಷೆ. ಜೋರಾಗಿ ಜಗ್ಗಿದರೆ ಲಾಕ್ ಆಗಬೇಕು, ಬಿಟ್ಟರೆ ಪೂರ್ತಿ ಒಳಗೆ ಹೋಗಬೇಕು. ನಮ್ಮ ಮಳೆಗಾಲ ಗೊತ್ತೇ ಇದೆ. ಬೆಲ್ಟಿಗೆ ಬೂಸ್ಟು ಹಿಡಿದು ಒಳಗೆ ಹೋಗಲು ಒದ್ದಾಡುತ್ತದೆ. ಅದನ್ನು ಪೂರ್ತಿ ಹೊರಗೆಳೆದು, ಬಟ್ಟೆ ಕ್ಲಿಪ್ ಹಾಕಿ ನಿಲ್ಲಿಸಿ, ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಒರೆಸಿ, ನೆರಳಲ್ಲಿ ಒಣಗಿಸಬೇಕು. ಬ್ಲೀಚ್ ಬೇಡ, ಎಣ್ಣೆಯಂತೂ ಬೇಡವೇ ಬೇಡ. ಅಂಚು ಹರಿದಿದ್ದರೆ, ಅಥವಾ ಕಾರು ಒಮ್ಮೆ ಜೋರಾಗಿ ಗುದ್ದಿಕೊಂಡಿದ್ದರೆ ಬೆಲ್ಟನ್ನೇ ಬದಲಿಸಬೇಕು. ಬಕಲ್ಲಿನೊಳಗೆ ಒಮ್ಮೆ ಹುಣಸೆಬೀಜ ಸಿಕ್ಕಿತ್ತು. ಆ ಮನೆಯವರು ಬಕಲ್ ಹಾಳಾಗಿದೆ ಅಂತ ಕೈಬಿಟ್ಟಿದ್ದರು.

ಬೆಲ್ಟ್ ಹಾಕದೆಯೇ ಅಲಾರಂ ಬಾಯಿ ಮುಚ್ಚಿಸುವ ಸುಳ್ಳು ಕ್ಲಿಪ್ಪುಗಳೂ ಸಾಕಷ್ಟು ಸಿಕ್ಕವು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶ ಕೊಟ್ಟು ಇವನ್ನು ತೆಗೆಸಿತು. ಆದರೂ ಹಳೆಯವು ಕಾರುಗಳಲ್ಲಿ ಉಳಿದುಕೊಂಡಿವೆ. ನಾವು ಬೈಯಲಿಲ್ಲ, ಡಬ್ಬಿ ಮುಂದಿಟ್ಟೆವು. ಕೆಲವರು ನಕ್ಕು ಅದರೊಳಗೆ ಹಾಕಿದರು. ಕೆಲವರು ಜೇಬಿಗಿಳಿಸಿ ನಡೆದರು.

ದಂಡದ ವಿಷಯ ಹೇಳಲೇಬೇಕಾಗುತ್ತಿತ್ತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಗುವಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದೆ ಕಾರು ಓಡಿಸಿದರೆ 1000 ರೂಪಾಯಿ. ಆದರೆ ದಂಡಕ್ಕೆ ಹೆದರಿ ಹಾಕುವ ಬೆಲ್ಟು ಪೇಟೆ ದಾಟುವವರೆಗೆ ಮಾತ್ರ.

ಅಜ್ಜಿಯಂದಿರನ್ನು ಒಪ್ಪಿಸುವುದೇ ಕಷ್ಟ. "ನನ್ನ ತೊಡೆ ಮೇಲೆ ಕೂತ ಮಗುವಿಗೆ ಎಂತ ಆಗ್ತದೆ ತಮಾ? ಗಟ್ಟಿಯಾಗಿ ಹಿಡ್ಕೊಳ್ತೆ" ಅಂತ ಒಬ್ಬರು ನನ್ನನ್ನೇ ಗದರಿಸಿದರು. ಅಡಿಕೆ ತೋಟದವರಿಗೆ ತೋಟದ ಲೆಕ್ಕವೇ ಸರಿ. ಐವತ್ತರ ವೇಗದಲ್ಲಿ ಗುದ್ದುವುದೆಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದ ಹಾಗೆ. "ಅಡಿಕೆ ಕೊಯ್ಯುವ ಕೊನೆಗೌಡ ಮರದ ಅರ್ಧದಿಂದ ಜಾರಿದರೆ ಕೆಳಗೆ ನಿಂತು ಕೈಯಲ್ಲಿ ಹಿಡಿತೀರಾ ಅಜ್ಜಿ?" ಅಂದೆ. ಕಾರು ಗುದ್ದಿದ ಕ್ಷಣಕ್ಕೆ ಹತ್ತು ಕಿಲೋ ಮಗು ಇನ್ನೂರು ಕಿಲೋದಷ್ಟು ಜೋರಿನಲ್ಲಿ ಮುಂದೆ ಹಾರುತ್ತದೆ. ಯಾರ ಕೈಯೂ ತಡೆಯಲಾರದು. ಅಜ್ಜಿ ಮಾತಾಡಲಿಲ್ಲ, ಆದರೆ ತಮ್ಮ ಬೆಲ್ಟ್ ಎಲ್ಲಿದೆ ಅಂತ ಹುಡುಕಿದರು.

ಎಷ್ಟು ದೊಡ್ಡ ಮಗುವಿಗೆ ಬರೀ ಬೆಲ್ಟು ಸಾಕು? 135 ಸೆಂಟಿಮೀಟರ್ ಎತ್ತರ ಅಥವಾ 10 ವರ್ಷ ಆಗುವವರೆಗೆ ಮಕ್ಕಳ ಸೀಟು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಗಡಿ ಬಾಗಿಲ ಚೌಕಟ್ಟಿನ ಮೇಲೆ 135ಕ್ಕೆ ಕೆಂಪು ಬಣ್ಣದ ಗೆರೆ ಎಳೆದೆ. ಈಗ ಶಾಲೆ ಬಿಟ್ಟ ಮಕ್ಕಳು ದಾರಿಯಲ್ಲಿ ನಿಂತು ಅಳೆದುಕೊಂಡು ಹೋಗುತ್ತಾರೆ. ಹಿಮ್ಮಡಿ ಎತ್ತಿ ಮೋಸ ಮಾಡುವವರೂ ಇದ್ದಾರೆ. ಬೆಲ್ಟು ಭುಜದ ಮಧ್ಯದಿಂದ ಇಳಿದು ಸೊಂಟದ ಮೂಳೆಯ ಮೇಲೆ ಕೂರಬೇಕು. ಕುತ್ತಿಗೆಗೋ ಹೊಟ್ಟೆಗೋ ತಾಗಿದರೆ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು ಬೇಕು. ಅದರ ಬದಲು ದಿಂಬು ಇಡಬೇಡಿ. ಬ್ರೇಕ್ ಹಾಕಿದಾಗ ದಿಂಬಿನ ಜೊತೆ ಮಗು ಬೆಲ್ಟಿನ ಕೆಳಗಿಂದ ಜಾರುತ್ತದೆ. ತೀರಾ ಚಿಕ್ಕ ಮಕ್ಕಳಿಗೆ ತಲೆ ಭಾರ, ಕುತ್ತಿಗೆ ಎಳಸು. ಹಾಗಾಗಿ ಹಿಂದಕ್ಕೆ ಮುಖ ಮಾಡಿದ ಸೀಟೇ ಸರಿ. ಯುರೋಪಿನ ಹೊಸ ನಿಯಮದಲ್ಲಿ 15 ತಿಂಗಳವರೆಗೂ ಅದು ಕಡ್ಡಾಯ. ಆ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನ ಮೇಲೆ ಮಾತ್ರ ಇಡಲೇಬಾರದು.

ಮಕ್ಕಳ ಸೀಟಿನ ಬೆಲೆ ಕೇಳಿ ಜನ ಹಿಂದೆ ಸರಿಯುತ್ತಿದ್ದರು. ಆದರೆ ಬೆಂಗಳೂರಿನಲ್ಲಿರುವ ನಮ್ಮೂರವರ ಮನೆಗಳಲ್ಲಿ ಮಕ್ಕಳು ದೊಡ್ಡವರಾಗಿ ಸೀಟು ಅಟ್ಟ ಸೇರಿರುತ್ತದೆ. ಕೇಳಿದರೆ ಸಂತೋಷದಿಂದ ಕೊಟ್ಟರು. ಈಗ ಅವನ್ನು ಡಿಪಾಸಿಟ್ ಇಟ್ಟುಕೊಂಡು ಕಡ ಕೊಡುತ್ತೇವೆ. ಅಪಘಾತ ಕಂಡಿರುವ ಸೀಟು ಬೇಡ. ತಳದಲ್ಲಿ ಮುದ್ರಿಸಿದ ಅವಧಿ ಮುಗಿದದ್ದೂ ಬೇಡ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ್ದಂತೂ ಬೇಡ. ಸೀಟು ಕೂರಿಸಿದ ಮೇಲೆ ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸುತ್ತೇವೆ. ಒಂದು ಇಂಚಿಗಿಂತ ಜಾಸ್ತಿ ಕದಲಿದರೆ ಮತ್ತೆ ಬಿಗಿ ಮಾಡಬೇಕು. ಹೊಸ ಕಾರುಗಳಲ್ಲಿ ಮಕ್ಕಳ ಸೀಟನ್ನು ನೇರ ಕಾರಿಗೇ ಸಿಕ್ಕಿಸುವ ಐಸೊಫಿಕ್ಸ್ ಕೊಂಡಿ ಇರುತ್ತದೆ. ಅದೂ ಎಲ್ಲಿ? ಕವರಿನ ಕೆಳಗೆ!

ನಮ್ಮ ಕಡೆ ಇನ್ನೊಂದು ತೊಂದರೆ, ದೇವಿಮನೆ ಘಾಟು. ಕುಮಟಾಕ್ಕೆ ಇಳಿಯುವಾಗ ತಿರುವಿನಲ್ಲಿ ಮಕ್ಕಳಿಗೆ ವಾಂತಿ, ತಾಯಿ ಬೆಲ್ಟ್ ಬಿಚ್ಚಿ ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಬೆಲ್ಟು ಬೇಕಾದ ಜಾಗವೇ ಅದು. ಕಾರು ಹೊರಡುವ ಮೊದಲು ಹೊಟ್ಟೆ ತುಂಬ ದೋಸೆ ತಿನ್ನಿಸಬೇಡಿ. ಪ್ಲಾಸ್ಟಿಕ್ ಕವರು ಕೈಗೆಟಕುವಂತೆ ಇಡಿ. ಅಗಲ ಜಾಗ ಕಂಡಲ್ಲಿ ನಿಲ್ಲಿಸಿ. ಬೂಸ್ಟರ್ ಮೇಲೆ ಕೂತ ಮಗುವಿಗೆ ಹೊರಗಿನದು ಕಾಣುತ್ತದೆ. ಅದರಿಂದಲೇ ವಾಂತಿ ಕಡಿಮೆ ಆಯಿತು ಅಂತ ಹೇಳಿದ ಮನೆಗಳು ಬಹಳ.

ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಹೋಗುವ ಮಕ್ಕಳದ್ದು ಬೇರೆಯೇ ಕತೆ. 4 ವರ್ಷದೊಳಗಿನ ಮಗುವನ್ನು ಸವಾರನಿಗೆ ಕಟ್ಟುವ ಹಾರ್ನೆಸ್ ಪಟ್ಟಿ, 9 ತಿಂಗಳಿಂದ 4 ವರ್ಷದವರೆಗೆ ಹೆಲ್ಮೆಟ್, 40 ಕಿಲೋಮೀಟರ್ ಮೀರದ ವೇಗ ಅಂತ 2023ರ ಫೆಬ್ರುವರಿಯಿಂದ ನಿಯಮ ಇದೆ. ಹಾರ್ನೆಸ್ ತರಿಸಿ ಕೊಡುತ್ತೇನೆ, ಕೇಳುವವರು ಕಡಿಮೆ. ಶಾಲಾ ವ್ಯಾನುಗಳಲ್ಲಂತೂ ಅಡ್ಡ ಹಲಗೆ ಹಾಕಿ ಕೂರಿಸುವ ಕಡೆ ಹೊರಗೆ ತೆಗೆಯಲು ಬೆಲ್ಟೇ ಇಲ್ಲ. ಅದು ನಮ್ಮ ಸೂಜಿ ಸ್ಪ್ಯಾನರಿನಿಂದ ಆಗುವ ಕೆಲಸವಲ್ಲ.

ಮಾರಿಕಾಂಬಾ ಜಾತ್ರೆಯ ವರ್ಷ ಕಡ ಸೀಟಿಗೆ ಭಾರೀ ಬೇಡಿಕೆ. ಬೇಕಾದವರು ಒಂದು ವಾರ ಮೊದಲೇ ಹೇಳಿಡಿ. ಬರುವಾಗ ಕಾರೂ ತನ್ನಿ, ಮಗುವೂ ಬರಲಿ. ಯಾರದೋ ಕೈಯಲ್ಲಿ ಸೀಟು ಕೊಟ್ಟು ಕಳಿಸುವುದನ್ನು ನಾವು ನಿಲ್ಲಿಸಿದ್ದೇವೆ.