ನಿಧಾನಕ್ಕೆ ಓಡಿ 84 ಕೆಜಿಯಿಂದ 72ಕ್ಕೆ ಬಂದಿದ್ದು: ನನ್ನ ಅನುಭವ

ಹೋದ ಯುಗಾದಿ ಟೈಮಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಾನು ಓಡೋದನ್ನ ನೋಡಿ ನಮ್ಮ ಗ್ಯಾಂಗಿನವರೆಲ್ಲ ಒಂದೇ ಮಾತು, "ಇದೇನ್ ಗುರು ಓಟಾನಾ, ವಾಕಿಂಗ್ ಬಂದಿರೋ ಅಜ್ಜ ನಿನ್ನ ದಾಟ್ಕೊಂಡ್ ಹೋದ್ರು, ಹಿಂಗಾದ್ರೆ ಹೊಟ್ಟೆ ಕರಗೋದು ಮುಂದಿನ ಜನ್ಮಕ್ಕೇ" ಅಂತ. ಈಗ 11 ತಿಂಗಳಾಯ್ತು. 84 ಕೆಜಿ ಇದ್ದೋನು 72 ಚಿಲ್ರೆ, ಸೊಂಟ 38 ಇಂಚಿಂದ 34, ಆ ಗ್ಯಾಂಗಲ್ಲೇ ಮೂರು ಜನ ಈಗ ನನ್ನ ಜೊತೆ ಅದೇ ಸ್ಪೀಡಲ್ಲಿ ಬರ್ತಿದಾರೆ. ಝೋನ್ ಅಂದ್ರೆ ಓಡುವಾಗ ಎದೆಬಡಿತ ಎಷ್ಟರಿಂದ ಎಷ್ಟರ ಒಳಗೆ ಇರ್ಬೇಕು ಅನ್ನೋ ಮಿತಿ, ಸ್ಟ್ರಾಪ್ ಅಂದ್ರೆ ಆ ಬಡಿತ ಎಣಿಸೋಕೆ ಎದೆಗೆ ಕಟ್ಟೋ ಪಟ್ಟಿ, ಇಷ್ಟು ಗೊತ್ತಿದ್ರೆ ಸಾಕು, ಅದು ಬಿಟ್ಟು ಎಲ್ಲಿ ದುಡ್ಡು ಹೋಯ್ತು, ಎಲ್ಲಿ ತಪ್ಪಾಯ್ತು ಅನ್ನೋದನ್ನ ಹೇಳ್ತೀನಿ.

ಮೊದಲು ಎರಡು ವರ್ಷ ಉಸಿರು ಕಟ್ಟೋ ಹಂಗೆ ಓಡಿದೆ. ಓಡಿದ ದಿನ 5 ಕಿಮೀ, ಹಾರ್ಟ್ ರೇಟ್ (ನಿಮಿಷಕ್ಕೆ ಎದೆಬಡಿತ) 165ರ ಮೇಲೇ. ಬೆವರು ಧಾರಾಕಾರ, ಮನೆಗೆ ಬಂದ್ರೆ ಹಸಿವು ತಡೆಯಕ್ಕಾಗ್ತಿರಲಿಲ್ಲ, ಎರಡು ಇಡ್ಲಿ ತಿನ್ನೋ ಕಡೆ ಐದು ತಿಂದು ಮಧ್ಯಾಹ್ನ ಆಫೀಸಲ್ಲಿ ತೂಕಡಿಕೆ. ವಾರಕ್ಕೆ ಮೂರು ದಿನ ಓಡಿದ್ರೆ ನಾಲ್ಕು ದಿನ ಮಂಡಿ ಕೆಳಗೆ ಮೂಳೆ ನೋವು, ಫಿಸಿಯೋಗೆ ಐದು ಸಿಟ್ಟಿಂಗಿಗೆ 2,500 ಕೊಟ್ಟೆ. ಎರಡು ವರ್ಷದಲ್ಲಿ ಇಳಿದಿದ್ದು ಒಂದೂವರೆ ಕೆಜಿ, ಅದೂ ದೀಪಾವಳೀಲಿ ವಾಪಸ್. ಆಮೇಲೆ ಜಿಮ್ಮಿಗೆ ವರ್ಷದ ಪ್ಯಾಕೇಜ್ 16 ಸಾವಿರ, ಹೋಗಿದ್ದು ಎರಡೇ ತಿಂಗಳು. ಅಲ್ಲೇ ಒಬ್ರು ಹೇಳಿದ್ರು ಅಂತ ಫ್ಯಾಟ್ ಬರ್ನರ್ ಮಾತ್ರೆ 2,600, ಅದರಿಂದ ಆಗಿದ್ದು ರಾತ್ರಿ ನಿದ್ದೆ ಕೆಟ್ಟಿದ್ದು ಅಷ್ಟೇ. ಬಡಿತ ತೋರಿಸೋ ಒಂದು ಕೈಗಡಿಯಾರ 3,500. ಒಟ್ಟು ಸುಮಾರು 25 ಸಾವಿರ ನೀರಲ್ಲಿ ಹೋಮ ಮಾಡಿದ ಹಂಗಾಯ್ತು.

ಆ ವಾಚ್ ವಿಷಯ ಸ್ವಲ್ಪ ಹೇಳ್ಬೇಕು. ನಿಧಾನಕ್ಕೆ ಓಡಿದ್ರೂ 168, 170 ಅಂತಲೇ ತೋರಿಸ್ತಿತ್ತು, ನನ್ನ ಹಾರ್ಟಿಗೇ ಏನೋ ಆಗಿದೆ ಅಂತ ಹೆದರಿ ಇಸಿಜಿ ಕೂಡ ಮಾಡಿಸ್ದೆ, ನಾರ್ಮಲ್ ಬಂತು. ಒಂದಿನ ಹೆಜ್ಜೆ ಎಣಿಸಿ ನೋಡ್ತೀನಿ, ನಿಮಿಷಕ್ಕೆ 168 ಹೆಜ್ಜೆ! ವಾಚ್ ನನ್ನ ಹೆಜ್ಜೇನೇ ಎದೆಬಡಿತ ಅಂತ ಎಣಿಸ್ತಿತ್ತು. ಆಮೇಲೆ ಒಬ್ಬ ಸೈಕಲ್ ಹುಡುಗನ ಹತ್ರ ಸೆಕೆಂಡ್ ಹ್ಯಾಂಡ್ ಚೆಸ್ಟ್ ಸ್ಟ್ರಾಪ್ ತಗೊಂಡೆ, 3,800. ಕಟ್ಟೋ ಮುಂಚೆ ಪಟ್ಟಿ ಒಳಭಾಗ ಚೆನ್ನಾಗಿ ನೀರಲ್ಲಿ ಒದ್ದೆ ಮಾಡಿ, ಒಣಗಿದ್ರೆ ಮೊದಲ ಹತ್ತು ನಿಮಿಷ ಅದೂ ಸುಳ್ಳು ಹೇಳುತ್ತೆ.

ನಂಬರ್ ವಿಷಯಕ್ಕೆ ಬರೋಣ. ನನಗೆ ವಯಸ್ಸು 44. ಜಿಮ್ಮಿನ ಟ್ರೆಡ್‌ಮಿಲ್ ಮೇಲಿನ ಚಾರ್ಟ್ ಪ್ರಕಾರ 220ರಲ್ಲಿ ವಯಸ್ಸು ಕಳೆದ್ರೆ ಗರಿಷ್ಠ ಬಡಿತ 176, ಅದರ 60ರಿಂದ 70 ಪರ್ಸೆಂಟ್ ಅಂದ್ರೆ 106-123. ಅದರಲ್ಲಿದ್ರೆ ನಾನು ತರಕಾರಿ ತರೋಕೆ ಹೋದ ಹಂಗೆ ನಡೀಬೇಕು ಅಷ್ಟೇ, ಒಂದು ತಿಂಗಳು ಮಾಡ್ದೆ, ಏನೂ ಆಗ್ಲಿಲ್ಲ. ಆಮೇಲೆ ಚಾಮುಂಡಿ ಬೆಟ್ಟದ ರೋಡಲ್ಲಿ ಜೀವ ಹೋಗೋ ಹಂಗೆ ಹತ್ತಿ ನೋಡಿದೆ, 188 ಬಂತು. ಅಂದ್ರೆ ಚಾರ್ಟಿಗೂ ನನಗೂ 12 ಬಡಿತ ವ್ಯತ್ಯಾಸ. (ಬಿಪಿ, ಶುಗರ್ ಇರೋರು, ಎಷ್ಟೋ ವರ್ಷದಿಂದ ಕೂತೇ ಇರೋರು ಡಾಕ್ಟರ್ ಕೇಳದೆ ಈ ಟೆಸ್ಟ್ ಮಾಡ್ಬೇಡಿ.) ಬೆಳಗ್ಗೆ ಎದ್ದ ತಕ್ಷಣ ಹಾಸಿಗೇಲೇ ಬಡಿತ ನೋಡಿದ್ರೆ 68. ಕಾರ್ವೋನೆನ್ ಲೆಕ್ಕದಲ್ಲಿ (ಗರಿಷ್ಠ ಬಡಿತದ ಜೊತೆ ಬೆಳಗಿನ ಬಡಿತಾನೂ ಹಿಡಿದು ಝೋನ್ ಹುಡುಕೋ ಸೂತ್ರ) 188ರಲ್ಲಿ 68 ಕಳೆದ್ರೆ 120, ಅದರ ಅರ್ಧದಿಂದ 60 ಪರ್ಸೆಂಟು, ಅದಕ್ಕೆ ಮತ್ತೆ 68 ಸೇರಿಸಿದ್ರೆ 128ರಿಂದ 140. ನನ್ನ ಝೋನ್ ಸಿಕ್ಕಿದ್ದು ಇಲ್ಲಿ.

ಮೊದಲ ತಿಂಗಳು ತುಂಬ ಕಷ್ಟ. 140 ಒಳಗೇ ಇರ್ಬೇಕು ಅಂದ್ರೆ ಕಿಮೀಗೆ ಒಂಬತ್ತೂವರೆ ನಿಮಿಷ, ಸಣ್ಣ ಏರು ಬಂದ್ರೂ ನಡೀಬೇಕು. ಕೆರೆ ಒಂದು ಸುತ್ತು ನಾಲ್ಕು ಚಿಲ್ರೆ ಕಿಮೀ, ಅದಕ್ಕೇ ಮುಕ್ಕಾಲು ಗಂಟೆ ಹತ್ರ. ವಾರಕ್ಕೆ ಐದು ದಿನ 50-60 ನಿಮಿಷ, ಭಾನುವಾರ ಒಂದೂವರೆ ಗಂಟೆ. ಐದನೇ ತಿಂಗಳಿಗೆ ಅದೇ ಬಡಿತಕ್ಕೆ ಏಳೂಮುಕ್ಕಾಲು ನಿಮಿಷ, ಈಗ ಏಳರ ಒಳಗೆ. ಬಡಿತ ಮೇಲೆ ಹೋಗದ ಹಂಗೆ ಏರು ಹತ್ತೋಕೆ ಉಸಿರು ಎಣಿಸೋ ಒಂದು ಕ್ರಮ ಮಾಡ್ಕೊಂಡಿದೀನಿ, ಅದನ್ನ ಬರೆದು ತಿಳಿಸಕ್ಕಾಗಲ್ಲ, ಜೊತೇಲಿ ಓಡಿದೋರಿಗೆ ಮಾತ್ರ ಹೇಳ್ಕೊಡ್ತೀನಿ.

ಇಲ್ಲಿ ಒಂದು ಮಾತು. ನಿಧಾನಕ್ಕೆ ಓಡಿದ್ರೆ ಕೊಬ್ಬಿನ ಪಾಲು ಜಾಸ್ತಿ ಉರಿಯುತ್ತೆ ನಿಜ, ಆದ್ರೆ ಗಂಟೆಗೆ 500 ಕ್ಯಾಲೋರಿ ಅಂದ್ಕೊಂಡು ಅರ್ಧ ಕೊಬ್ಬಿಂದ ಅಂದ್ರೂ 30 ಗ್ರಾಂ ಹತ್ರ ಅಷ್ಟೇ. ನನಗೆ ಕೆಲಸ ಮಾಡಿದ್ದು ಬೇರೆ: ಈ ಸ್ಪೀಡಲ್ಲಿ ಓಡಿದ್ರೆ ನಾಳೆನೂ ಓಡಬಹುದು, ನಾಡಿದ್ದೂ ಓಡಬಹುದು, ಮತ್ತೆ ಆ ಹಾಳು ಹಸಿವು ಬರಲ್ಲ. ವಾರಕ್ಕೆ ಒಂದೂವರೆ ಗಂಟೆ ಇದ್ದಿದ್ದು ಆರು ಗಂಟೆ ಆಯ್ತು.

ನಾಲ್ಕರಿಂದ ಆರನೇ ತಿಂಗಳು ತೂಕದ ಮುಳ್ಳು 79ರಲ್ಲೇ ನಿಂತುಬಿಡ್ತು. ಗ್ಯಾಂಗಿನವರು ನೋಡಿದ್ಯಾ ಅಂದ್ರು. ಮೂರು ವಾರ ತಿಂದಿದ್ದೆಲ್ಲ ಬರೆದಿಟ್ಟೆ, ಗೊತ್ತಾಯ್ತು, ಭಾನುವಾರ ಓಟ ಮುಗಿಸಿ ಎಲ್ಲರ ಜೊತೆ ತಿನ್ನೋ ಬೆಣ್ಣೆ ಹಾಕಿದ ಮಸಾಲೆ ದೋಸೆ, ವಡೆ, ಕಾಫಿ ಸೇರಿದ್ರೆ ಅವತ್ತು ಓಡಿದ್ದಕ್ಕಿಂತ ಜಾಸ್ತಿ. ದೋಸೆ ತಿಂಗಳಿಗೆ ಒಂದಕ್ಕೆ ಇಳಿಸ್ದೆ. ಮನೇಲಿ ಮೂರು ಜನಕ್ಕೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಆಗ್ತಿತ್ತು, ಎರಡಕ್ಕೆ ತಂದ್ವಿ, ಇದು ಪೂರ್ತಿ ನನ್ನ ಹೆಂಡತಿ ಕೆಲಸ, ಆ ಕ್ರೆಡಿಟ್ ಅವಳದೇ. ರಾತ್ರಿ ಊಟದ್ದೂ ಒಂದು ಬದಲಾವಣೆ ಮಾಡಿದೀನಿ, ಅದು ಇನ್ನೂ ಪರೀಕ್ಷೆ ಹಂತದಲ್ಲಿದೆ, ಗಟ್ಟಿಯಾದ ಮೇಲೆ ಹೇಳ್ತೀನಿ.

ಮಧ್ಯೆ ಸುಮಾರು ಪ್ರಯೋಗ ಮಾಡಿದೆ. ಚಾಮುಂಡಿ ಮೆಟ್ಟಿಲಲ್ಲಿ 140 ದಾಟದೆ ಹತ್ತೋಣ ಅಂತ ಹೋದೆ, ನೂರು ಮೆಟ್ಟಿಲಿಗೇ 160, ನಿಂತು ನಿಂತು ನಂದಿ ಹತ್ರ ಹೋಗೋಕೆ ಮುಕ್ಕಾಲು ಗಂಟೆ, ಮೆಟ್ಟಿಲು ಈ ಕೆಲಸಕ್ಕಲ್ಲ. ಏಪ್ರಿಲ್‌ನಲ್ಲಿ ಎಂಟು ಗಂಟೆ ಮೇಲೆ ಓಡಿದ್ರೆ ಅದೇ ಸ್ಪೀಡಿಗೆ ಹತ್ತು ಬಡಿತ ಜಾಸ್ತಿ, ಮದುವೆ ಮನೆ ಊಟ, ನಿದ್ದೆಗೆಟ್ಟ ರಾತ್ರಿ ಆದ್ಮೇಲೂ ಹಂಗೇ. ಸೈಕಲಲ್ಲಿ ಉಲ್ಟಾ, ಅಷ್ಟೇ ಸುಸ್ತಿಗೆ ಎಂಟು-ಹತ್ತು ಕಮ್ಮಿ ತೋರಿಸುತ್ತೆ, ಹಂಗಾಗಿ ಓಟದ ಝೋನ್ ಸೈಕಲಿಗೆ ಹಾಕ್ಬೇಡಿ. ಖಾಲಿ ಹೊಟ್ಟೇಲಿ ಬರೀ ಕಾಫಿ ಕುಡಿದು ಎರಡು ತಿಂಗಳು ಓಡಿದೆ, ತೂಕದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಭಾವನಿಗೆ ಬಿಪಿ, ಬೀಟಾ ಬ್ಲಾಕರ್ ಮಾತ್ರೆ ತಗೋತಾರೆ, ನನ್ನ ಸ್ಟ್ರಾಪ್ ಕಟ್ಟಿ ಎಷ್ಟು ಬೀಸಾಗಿ ನಡೆದ್ರೂ 110 ದಾಟಲೇ ಇಲ್ಲ, ಆ ಮಾತ್ರೆ ಬಡಿತಾನ ಹಿಡಿದಿಟ್ಟಿರುತ್ತೆ. ಅವರ ಡಾಕ್ಟರ್ ಹತ್ರ ಕೇಳ್ಕೊಂಡು, ಸ್ಟ್ರಾಪ್ ಬಿಚ್ಚಿ, ನಡೀತಾ ಒಂದು ವಚನ ಪೂರ್ತಿ ಏದುಸಿರು ಇಲ್ಲದೆ ಹೇಳಕ್ಕಾಗ್ಬೇಕು, ಹಾಡಕ್ಕೆ ಮಾತ್ರ ಆಗ್ಬಾರ್ದು ಅಂತ ಗೆರೆ ಹಾಕ್ಕೊಟ್ಟೆ. ಮೂರು ತಿಂಗಳಾಯ್ತು, ಮೂರು ಕೆಜಿ ಇಳಿದಿದಾರೆ. ನನ್ನ ಬೆಳಗಿನ ಬಡಿತ ಈಗ 56ಕ್ಕೆ ಬಂದಿದೆ, ಹಂಗಾಗಿ ಹಳೇ ಲೆಕ್ಕ ನಡೆಯಲ್ಲ, ಈ ವಾರದಿಂದ ನಾನು 122ರಿಂದ 135ರಲ್ಲಿ ಓಡ್ತಿದೀನಿ.