ಅದೇ ದ್ವಾರ, ಬೇರೆ ಉತ್ತರ: ನಾಸ್ಟಿಕ್ ಪಠ್ಯಗಳನ್ನು ನಾನು ಹೋಲಿಸಿ ಓದಿದ ಬಗೆ

ನಾಸ್ಟಿಕ್ ಗ್ರಂಥಗಳನ್ನು (ಅರಿವೇ ಬಿಡುಗಡೆಯ ದಾರಿ ಎಂದ, ಕ್ರೈಸ್ತಮತದ ಮೊದಲ ಶತಮಾನಗಳ ಪಂಥಗಳ ಬರವಣಿಗೆ) ಓದುತ್ತಿದ್ದೇನೆ ಎಂದರೆ ಸಾಕು, ‘ಅದು ನಮ್ಮ ಅದ್ವೈತವೇ ಅಲ್ಲವಾ?’ ಎನ್ನುತ್ತಾರೆ. ಚರ್ಚಿಗೆ ಹೋಗುವ ಗೆಳೆಯರದ್ದು ಇನ್ನೊಂದು ಮಾತು: ‘ಪಾಷಂಡ ಮತ ಅದು, ಸಭೆ ಯಾವಾಗಲೋ ತಳ್ಳಿಹಾಕಿದೆ.’ ಎರಡನ್ನೂ ಒಂದು ಪುಟ ತೆರೆಯದೆ ಹೇಳಬಹುದು. ನಾನು ಕೆಲವು ವರ್ಷಗಳಿಂದ ಮಾಡುತ್ತಿರುವುದು ಇದಕ್ಕಿಂತ ನಿಧಾನದ ಕೆಲಸ. ಪಂಥಕ್ಕೆ ಪಂಥವನ್ನು ತೂಗುವುದಿಲ್ಲ. ಒಂದೇ ಪ್ರಶ್ನೆ ಹಿಡಿದು, ಪಠ್ಯದ ಪಕ್ಕ ಪಠ್ಯ ಇಟ್ಟು, ದಾರಿ ಎಲ್ಲಿ ಕವಲೊಡೆಯುತ್ತದೆ ಎಂದು ಗುರುತು ಹಾಕಿಕೊಳ್ಳುತ್ತೇನೆ.

ಮೊದಲು ಸಾಕ್ಷಿಗಳ ವಿಚಾರ. 1945ರವರೆಗೆ ಈ ಜನರ ಬಗ್ಗೆ ಹೆಚ್ಚಾಗಿ ಉಳಿದಿದ್ದದ್ದು ಎದುರಾಳಿಗಳ ಮಾತು: ಕ್ರಿ.ಶ. 180ರ ಸುಮಾರಿಗೆ ಲಿಯಾನ್‌ನ ಬಿಷಪ್ ಐರೇನಿಯಸ್ ಬರೆದ ಖಂಡನೆ, ಅವನ ನಂತರ ಬಂದ ಕ್ರೈಸ್ತ ಲೇಖಕರಾದ ಹಿಪ್ಪೊಲಿಟಸ್, ಎಪಿಫೇನಿಯಸ್ ಬರೆದದ್ದು. ಚಾರ್ವಾಕರನ್ನು ಅವರ ವಿರೋಧಿಗಳ ಬಾಯಿಂದಲೇ ಕೇಳಿ ರೂಢಿಯಾದ ನಮಗೆ ಈ ಸ್ಥಿತಿ ಹೊಸದೇನಲ್ಲ. ಆದರೆ ಇಲ್ಲಿ ಪೂರ್ವಪಕ್ಷದ ಪುಸ್ತಕಗಳೇ ಮಣ್ಣಿನಿಂದ ಎದ್ದು ಬಂದವು. ಆ ವರ್ಷ ಮೇಲಣ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಈಜಿಪ್ಟಿನ ಹಳೆಯ ಭಾಷೆಯಾದ ಕಾಪ್ಟಿಕ್‌ನಲ್ಲಿ ಬರೆದ 13 ಹೊತ್ತಗೆಗಳು ಸಿಕ್ಕವು. 1977ರಲ್ಲಿ ಅವುಗಳ ಇಂಗ್ಲಿಷ್ ಅನುವಾದ ಜೇಮ್ಸ್ ರಾಬಿನ್ಸನ್ ಸಂಪಾದಕತ್ವದಲ್ಲಿ ಒಂದೇ ಸಂಪುಟವಾಗಿ ಬಂತು. ನಾನು ಓದಿದ್ದು ಅನುವಾದದಲ್ಲೇ. ಐರೇನಿಯಸ್‌ನ ಮೊದಲ ಪುಸ್ತಕದ 29ನೇ ಅಧ್ಯಾಯವನ್ನು ಅಲ್ಲಿ ಸಿಕ್ಕ ‘ಯೋಹಾನನ ರಹಸ್ಯಗ್ರಂಥ’ದ ಪಕ್ಕ ಇಟ್ಟೆ. ಅಗೋಚರ ಪಿತ, ಅವನಿಂದ ಮೊದಲು ಹೊಮ್ಮಿದ ಬಾರ್ಬೆಲೊ, ‘ಜ್ಞಾನ’ ಎಂಬ ಅರ್ಥದ ಹೆಸರಿನ ಸೋಫಿಯಾ, ಅವಳಿಂದ ಅಜ್ಞಾನದಲ್ಲಿ ಹುಟ್ಟಿದ ಸೃಷ್ಟಿಕರ್ತ: ಕಥೆಯ ಸಾಲು ಬಹುಮಟ್ಟಿಗೆ ಹೊಂದಿತು. ಬಿಷಪ್ಪನಿಗೆ ವ್ಯಂಗ್ಯ ಜಾಸ್ತಿ, ನಿಜ. ಆದರೆ ಇಲ್ಲದ್ದನ್ನು ಕಟ್ಟಿ ಹೇಳಿಲ್ಲ. ಆಮೇಲೆ ಅವನ ಮಾತನ್ನೂ ಸಾಕ್ಷಿಯಾಗಿ ಬಳಸಲು ಧೈರ್ಯ ಬಂತು.

ನಾನು ಹಿಡಿದ ಮೊದಲ ಪ್ರಶ್ನೆ, ಜಗತ್ತನ್ನು ಮಾಡಿದವನು ಎಂಥವನು ಎಂಬುದು. ಮೂರು ಪಠ್ಯಗಳನ್ನು ಒಟ್ಟಿಗೆ ತೆರೆದೆ. ಪ್ಲೇಟೋನ ‘ತಿಮಾಯಸ್’ ಹೇಳುವಂತೆ ಸೃಷ್ಟಿಕರ್ತ ಒಳ್ಳೆಯವನು, ಒಳ್ಳೆಯವನಿಗೆ ಯಾವುದರ ಬಗ್ಗೆಯೂ ಹೊಟ್ಟೆಕಿಚ್ಚು ಇರುವುದಿಲ್ಲ. ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ದೇವರು ತಾನೇ ಹೇಳಿಕೊಳ್ಳುತ್ತಾನೆ, ತಾನು ಅಸೂಯೆಯುಳ್ಳವನು ಎಂದು. ಇನ್ನು ರಹಸ್ಯಗ್ರಂಥದಲ್ಲಿ ಸೃಷ್ಟಿಕರ್ತನಾದ ಸಿಂಹಮುಖದ ಸರ್ಪ ಯಾಲ್ದಬಾವೊತ್ ಇದೇ ಮಾತನ್ನು, ‘ನನ್ನ ಹೊರತು ಬೇರೆ ದೇವರಿಲ್ಲ’ ಎಂಬುದರ ಜತೆ ಸೇರಿಸಿ ಘೋಷಿಸುತ್ತಾನೆ. ಕೂಡಲೇ ಗ್ರಂಥಕರ್ತ ತಡೆದು ಕೇಳುತ್ತಾನೆ: ಬೇರೆ ದೇವರೇ ಇಲ್ಲವಾದರೆ ಈತ ಯಾರ ಮೇಲೆ ಅಸೂಯೆಪಡುತ್ತಿದ್ದಾನೆ?

ಈ ಒಂದು ಸಾಲಿನಿಂದ ನನಗೆ ಇಡೀ ಜಗಳದ ಸ್ವರೂಪ ಕಂಡಿತು. ಇದು ಪೂರ್ವದಿಕ್ಕಿನಿಂದ ಗಾಳಿಯಲ್ಲಿ ತೇಲಿಬಂದ ತತ್ತ್ವವಲ್ಲ. ಪ್ಲೇಟೋನನ್ನು ಕೇಳಿದ ಕಿವಿಯಿಂದ ಯೆಹೂದ್ಯರ ಧರ್ಮಗ್ರಂಥವನ್ನು ಓದಿ ಬೆಚ್ಚಿಬಿದ್ದವರ ಬರವಣಿಗೆ. ‘ಮೋಶೆ ಹೇಳಿದಂತೆ ಅಲ್ಲ’ ಎಂದು ಆ ಗ್ರಂಥ ಮತ್ತೆ ಮತ್ತೆ ಹೇಳುತ್ತದೆ. ಮರದ ಹಣ್ಣನ್ನು ತಿನ್ನಿಸಿದವನು ತಾನೇ ಎಂದು ಅಲ್ಲಿ ಕ್ರಿಸ್ತ ಹೇಳುತ್ತಾನೆ. ಆದಿಕಾಂಡ ಬಾಯಿಪಾಠವಾಗಿದ್ದವರು ಮಾತ್ರ ಅದನ್ನು ಹೀಗೆ ತಿರುಗಿಸಬಲ್ಲರು. ಮುಖ್ಯವಾಹಿನಿಯ ಕ್ರೈಸ್ತರು ತಮ್ಮ ವಿಶ್ವಾಸಪ್ರಮಾಣದಲ್ಲಿ ಪರಲೋಕ ಭೂಲೋಕಗಳ ಸೃಷ್ಟಿಕರ್ತನೂ ಯೇಸುವಿನ ತಂದೆಯೂ ಒಬ್ಬನೇ ಎಂದು ಏಕೆ ಅಷ್ಟು ಒತ್ತಿ ಹೇಳಿದರು ಎಂಬುದೂ ಇಲ್ಲೇ ಅರ್ಥವಾಗುತ್ತದೆ.

ಅದ್ವೈತದ ಪಕ್ಕ ಇಟ್ಟಾಗ ಹೋಲಿಕೆ ಬಹಳ ಹೊತ್ತು ನಿಲ್ಲಲಿಲ್ಲ. ಬಂಧನಕ್ಕೆ ಅಜ್ಞಾನ ಕಾರಣ, ಬಿಡುಗಡೆಗೆ ಅರಿವು ದಾರಿ, ಅಷ್ಟು ಸರಿ. ಆದರೆ ಅವಿದ್ಯೆ ಸಿಂಹಾಸನದ ಮೇಲೆ ಕೂತು ಜಂಬ ಕೊಚ್ಚುವುದಿಲ್ಲ. ಲೋಕದಲ್ಲಿ ಇಷ್ಟು ದುಃಖವಿರುವಾಗ ಈಶ್ವರ ಪಕ್ಷಪಾತಿಯೋ ನಿರ್ದಯಿಯೋ ಆಗಬೇಡವೇ ಎಂಬ ಆಕ್ಷೇಪ ಬ್ರಹ್ಮಸೂತ್ರ 2.1.34ರಲ್ಲೂ ಇದೆ. ಶಂಕರರು ಜೀವಿಗಳ ಕರ್ಮವನ್ನು ತೋರಿಸಿ ಈಶ್ವರನನ್ನು ಬಿಡಿಸುತ್ತಾರೆ. ಯಾಲ್ದಬಾವೊತ್‌ನನ್ನು ಬಿಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ನನ್ನ ಮಟ್ಟಿಗೆ ಜೈನರ ಚಿತ್ರ ಇನ್ನೂ ಹತ್ತಿರ: ಜೀವ ಕೆಳಗೆ ಸಿಕ್ಕಿಬಿದ್ದಿದೆ, ಕಳಚಿಕೊಂಡು ಮೇಲೇರಬೇಕು. ಆದರೆ ಅಲ್ಲಿ ಸೃಷ್ಟಿಕರ್ತನೇ ಇಲ್ಲ, ಬೈಯಲು ಯಾರೂ ಸಿಗುವುದಿಲ್ಲ.

ನಾಗ್ ಹಮ್ಮಾದಿಯಲ್ಲೇ ಸಿಕ್ಕ, ಯೇಸುವಿನ ವಚನಗಳ ಸಂಗ್ರಹವಾದ ತೋಮನ ಸುವಾರ್ತೆಯ 77ನೇ ವಚನ ನಮ್ಮವರಿಗೆ ಬಹಳ ಇಷ್ಟ. ಕಟ್ಟಿಗೆ ಸೀಳಿದರೆ ನಾನಲ್ಲಿದ್ದೇನೆ, ಕಲ್ಲೆತ್ತಿದರೆ ಅಲ್ಲಿ ನನ್ನನ್ನು ಕಾಣುವಿರಿ. ಕಾಪ್ಟಿಕ್ ಪ್ರತಿಯಲ್ಲಿ ಇದಕ್ಕೆ ಮೊದಲು ‘ಎಲ್ಲವೂ ನಾನೇ’ ಎಂಬ ಮಾತಿದೆ, ಹಾಗಾಗಿ ಸರ್ವಂ ಖಲ್ವಿದಂ ಬ್ರಹ್ಮ ಎಂದು ಚೀಟಿ ಅಂಟಿಸುವುದು ಸುಲಭ. 1897ರಲ್ಲಿ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಇದೇ ಸುವಾರ್ತೆಯ ಗ್ರೀಕ್ ಹಾಳೆಯನ್ನು ನೋಡಿ. ಅಲ್ಲಿ ಕಲ್ಲು ಮೊದಲು, ಕಟ್ಟಿಗೆ ಆಮೇಲೆ. ಅದಕ್ಕಿಂತ ಮುಖ್ಯ, ಈ ಮಾತು ಬರುವುದು 30ನೇ ವಚನದ ಬೆನ್ನಿಗೆ, ಒಬ್ಬಂಟಿಯಾಗಿರುವವನ ಜತೆ ನಾನಿದ್ದೇನೆ ಎಂದಾದ ಮೇಲೆ. ಒಂದು ಕಡೆ ಜಗತ್ತಿನ ತತ್ತ್ವ, ಇನ್ನೊಂದು ಕಡೆ ಒಂಟಿ ಮನುಷ್ಯನಿಗೆ ಅಭಯ. ಯಾವುದನ್ನು ಉಪನಿಷತ್ತಿನ ಪಕ್ಕ ಇಡುತ್ತೀರಿ ಎಂದು ಮೊದಲು ಹೇಳಬೇಕಾಗುತ್ತದೆ. ಅಲ್ಲದೆ ಆ ಸುವಾರ್ತೆಯ 114 ವಚನಗಳಲ್ಲಿ ಯಾಲ್ದಬಾವೊತ್‌ನ ಸುಳಿವೇ ಇಲ್ಲ. ಅದನ್ನು ನಾಸ್ಟಿಕ್ ಎನ್ನಲು ಅನೇಕ ವಿದ್ವಾಂಸರು ಹಿಂಜರಿಯುತ್ತಾರೆ.

(ಇದೇ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಿಂದಲೇ ಒಂದು ಗ್ರೀಕ್ ಪ್ರಹಸನವೂ ಬಂದದ್ದು. ಅದರ ಭಾರತೀಯ ಪಾತ್ರಗಳ ಮಾತು ಕನ್ನಡವೇ ಎಂಬ ಚರ್ಚೆಗೆ ನಮ್ಮ ಗೋವಿಂದ ಪೈಗಳೂ ಇಳಿದಿದ್ದರು, ಅದು ಇನ್ನೂ ಇತ್ಯರ್ಥವಾಗಿಲ್ಲ. ಈಜಿಪ್ಟಿಗೂ ನಮ್ಮ ಕರಾವಳಿಗೂ ಹಡಗು ಓಡಾಡುತ್ತಿದ್ದವು ಎನ್ನುವುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ವೇದಾಂತ ಹಡಗು ಹತ್ತಿತ್ತು ಎನ್ನಲು ಅಷ್ಟು ಸಾಲದು.)

ಹೋಲಿಕೆ ನಿಜವಾಗಿ ಫಲ ಕೊಟ್ಟದ್ದು ಸತ್ತ ಮೇಲಿನ ಪಯಣದ ವಿಷಯದಲ್ಲಿ. ನಾಗ್ ಹಮ್ಮಾದಿಯ ‘ಯಾಕೋಬನ ಮೊದಲ ಪ್ರಕಟಣೆ’ಯಲ್ಲಿ ಮೇಲೇರುವ ಆತ್ಮವನ್ನು ಸುಂಕದವರು ತಡೆದು, ನೀನು ಯಾರು, ಎಲ್ಲಿಂದ ಬಂದೆ ಎನ್ನುತ್ತಾರೆ. ನಾನು ಮಗ, ತಂದೆಯಿಂದ ಬಂದವನು. ಬಂದಲ್ಲಿಗೇ ಹೋಗುತ್ತೇನೆ ಎಂದು ಉತ್ತರಿಸಬೇಕು. ಇಂಥದೇ ಪಾಠವನ್ನು ಕೆಲವು ನಾಸ್ಟಿಕರು ಸಾಯುವವರಿಗೆ ಹೇಳಿಕೊಡುತ್ತಿದ್ದರು ಎಂದು ಐರೇನಿಯಸ್ ಬರೆಯುತ್ತಾನೆ. ದಕ್ಷಿಣ ಇಟಲಿಯ ಹಿಪ್ಪೊನಿಯನ್‌ನಲ್ಲಿ ಸಮಾಧಿಯಿಂದ ತೆಗೆದ, ಕ್ರಿ.ಪೂ. 400ರ ಸುಮಾರಿನ ಚಿನ್ನದ ತಗಡಿನಲ್ಲೂ ಕಾವಲುಗಾರರಿಗೆ ಹೇಳಬೇಕಾದ ಉತ್ತರ ಕೊರೆದಿದೆ: ಭೂಮಿಗೂ ನಕ್ಷತ್ರಗಳ ಆಕಾಶಕ್ಕೂ ಹುಟ್ಟಿದವನು ನಾನು. ಈಗ ಕೌಷೀತಕಿ ಉಪನಿಷತ್ತಿನ ಮೊದಲ ಅಧ್ಯಾಯಕ್ಕೆ ಬನ್ನಿ. ಚಂದ್ರ ಸ್ವರ್ಗದ ಬಾಗಿಲು, ಉತ್ತರ ಕೊಟ್ಟವನನ್ನು ಮಾತ್ರ ಮುಂದಕ್ಕೆ ಬಿಡುತ್ತಾನೆ. ಪ್ರಶ್ನೆ ಅದೇ, ನೀನು ಯಾರು? ಉತ್ತರ: ನಾನು ನೀನೇ.

ಮೂರೂ ಕಡೆ ಬಾಗಿಲಿದೆ, ಕಾವಲಿದೆ, ಕಲಿತು ಹೋಗಬೇಕಾದ ಉತ್ತರವಿದೆ. ಆದರೆ ನಾಸ್ಟಿಕ್ ಆತ್ಮ ಕಾವಲುಗಾರನಿಗೆ ಹೇಳುವುದು ‘ನಾನು ನಿನ್ನ ಕಡೆಯವನಲ್ಲ’ ಎಂದು. ಉಪನಿಷತ್ತಿನ ಪಯಣಿಗನದು ಅದಕ್ಕೆ ಪೂರಾ ವಿರುದ್ಧ. ಇಬ್ಬರೂ ‘ಆತ್ಮಜ್ಞಾನ’ದವರೇ ಎಂದು ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಈ ಭೇದ ಕಣ್ಣಿಗೆ ಬೀಳುವುದೇ ಇಲ್ಲ.

ಸೂಫಿಗಳು, ಯೆಹೂದ್ಯರ ಅನುಭಾವ ಪರಂಪರೆಯಾದ ಕಬ್ಬಾಲಾ ಇವನ್ನು ನಾನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಕಬ್ಬಾಲಾದ ಮುಖ್ಯ ಗ್ರಂಥ ‘ಜೋಹರ್’ 13ನೇ ಶತಮಾನದ ಕೊನೆಯ ಸ್ಪೇನಿನದು, ನಡುವೆ ಸಾವಿರ ವರ್ಷದ ಅಂತರ. ಸಮಕಾಲೀನರೇ ನನಗೆ ಹೆಚ್ಚು ಉಪಯೋಗಕ್ಕೆ ಬಂದರು, ಅದರಲ್ಲೂ ಪ್ಲೇಟೋನ ಹಾದಿಯ ತತ್ತ್ವಜ್ಞಾನಿ ಪ್ಲೋಟಿನಸ್. ಅನುಭಾವಿಯೇ ಆಗಿದ್ದ ಅವನು 3ನೇ ಶತಮಾನದ ರೋಮಿನಲ್ಲಿ ತನ್ನ ಪಾಠಕ್ಕೆ ಬರುತ್ತಿದ್ದ ನಾಸ್ಟಿಕರನ್ನು ಕಂಡು ಸಿಡಿಮಿಡಿಗೊಂಡಿದ್ದ. ಒಂದೇ ಮನೆಯಲ್ಲಿ ಇಬ್ಬರು, ಒಬ್ಬ ಕಟ್ಟಿದವನನ್ನು ಬೈಯುತ್ತಲೇ ಅಲ್ಲೇ ವಾಸಿಸುತ್ತಾನೆ ಎಂದು ಅವನು ಚುಚ್ಚುತ್ತಾನೆ. ಅವನ ಶಿಷ್ಯ ಪೋರ್ಫಿರಿ ಹೆಸರಿಸಿದ ‘ಜೊಸ್ಟ್ರಿಯಾನೋಸ್’ ಎಂಬ ಹೆಸರಿನ ಗ್ರಂಥ ನಾಗ್ ಹಮ್ಮಾದಿಯಲ್ಲೂ ಸಿಕ್ಕಿದೆ. ಹಾಗಾಗಿ ಈ ಜಗಳದ ಎರಡೂ ಕಡೆಯನ್ನು ಓದಬಹುದು.

ನೀವೂ ಹೀಗೆ ಓದಲು ಕೂತರೆ ರಹಸ್ಯಗ್ರಂಥದಿಂದ ಶುರುಮಾಡಬೇಡಿ. ದೊಡ್ಡ ಪ್ರತಿಯಲ್ಲಿ ದೇಹದ ಒಂದೊಂದು ಅಂಗವನ್ನು ಮಾಡಿದ ದೂತರ ಪಟ್ಟಿ ಬರುತ್ತದೆ, ಅಲ್ಲೇ ಹಲವರು ಪುಸ್ತಕ ಮುಚ್ಚುತ್ತಾರೆ. ನಾಸ್ಟಿಕ್ ಗುರು ವ್ಯಾಲೆಂಟಿನಸ್‌ನ ಪಂಥದ ಟಾಲೆಮಿ ಎಂಬವನು ಫ್ಲೋರಾ ಎಂಬ ಹೆಂಗಸಿಗೆ ಬರೆದ ಪತ್ರ ಕೆಲವೇ ಪುಟ, ಎಪಿಫೇನಿಯಸ್ ಅದನ್ನು ಇಡಿಯಾಗಿ ಉಳಿಸಿದ್ದಾನೆ. ಅಲ್ಲಿಯ ಸೃಷ್ಟಿಕರ್ತ ಸೈತಾನನೂ ಅಲ್ಲ, ಪರಮದೇವರೂ ಅಲ್ಲ, ನಡುವಿನ ನ್ಯಾಯವಂತ. ಅದಾದ ಮೇಲೆ ಆದಿಕಾಂಡದ ಮೊದಲ ಮೂರು ಅಧ್ಯಾಯ ಮತ್ತು ‘ತಿಮಾಯಸ್’, ಆಮೇಲೆ ಯಾಲ್ದಬಾವೊತ್. ಕೌಷೀತಕಿಯನ್ನು ಕೊನೆಗೆ ತೆಗೆಯಿರಿ.